ಬೀಗತಿ ತೇಲಿದ ಪ್ರಸಂಗ

ಮಗಳ ಮದುವೆಯ ಬೆಳಿಗ್ಗೆ ಅರಸೀಕೆರೆಯ ಛತ್ರದ ಉಗ್ರಾಣದಲ್ಲಿ ನಾನು ತಾಂಬೂಲದ ಚೀಲ ತುಂಬುತ್ತಿದ್ದರೆ, ನಮ್ಮ ಯಜಮಾನರು ಒಂದು ಲೋಟ ಸೋಡಾಕ್ಕೆ ಒಣದ್ರಾಕ್ಷಿ ಹಾಕಿ ನನ್ನ ಮೂಗಿನ ಕೆಳಗೆ ಹಿಡಿದರು.

“ನೋಡೇ, ದ್ರಾಕ್ಷಿ ಮುಳುಗ್ತು. ಈಗ ಅದರ ಸುಕ್ಕಿಗೆಲ್ಲ ಗುಳ್ಳೆ ಅಂಟ್ಕೊಳ್ತಾ ಇದೆ. ಹಗುರಾಯ್ತು, ಎದ್ದು ಬಂತು. ಮೇಲೆ ಗುಳ್ಳೆ ಒಡೀತು, ಮತ್ತೆ ಮುಳುಗ್ತು.”

“ಪಾಯಸದ ದ್ರಾಕ್ಷಿ ಅದು. ಅಡುಗೆಯವರು ಹುಡುಕ್ತಾ ಇದಾರೆ.”

“ನನ್ನ ಯಂತ್ರದ ಗುಳ್ಳೆ ಒಡೆಯೋದೇ ಇಲ್ಲ!” ಎಂದು ಜೇಬಿನಿಂದ ವಡೆಯಷ್ಟು ಅಗಲದ ಬಿಲ್ಲೆಯೊಂದನ್ನು ತೆಗೆದರು. ಹೆಸರು ಉತ್ಪ್ಲಾವಕವಂತೆ, ಮುಳುಗಿದ್ದನ್ನು ತೇಲಿಸುವಂಥದು. ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಯಜಮಾನರು ಚಂದ್ರಹಾಸರಾಯರು ಮನೆಯಲ್ಲಿ ಹುಟ್ಟಿಸಿದ್ದಕ್ಕೆಲ್ಲ ಇಂಥದೇ ಹೆಸರು. ನನ್ನ ಬಾಯಲ್ಲಿ ಅದು ಉಪದ್ರವಕ.

ಅವರ ತಳಮಳಕ್ಕೆ ಕಾರಣವಿತ್ತು. ನಮ್ಮ ವಸುಧಾಳ ಪಶುವೈದ್ಯದ ಓದು ಇನ್ನೊಂದು ವರ್ಷ ಬಾಕಿ. ಮದುವೆಯಾದ ಮೇಲೆ ಓದು ಬೇಡ ಎಂದು ಅವಳ ಅತ್ತೆ ಸರ್ವಮಂಗಳಮ್ಮ, ಓದಿಯೇ ತೀರುತ್ತೇನೆ ಎಂದು ಇವಳು. ಕೊನೆಗೆ ಬೀಗತಿಯೇ ತೀರ್ಪು ಕೊಟ್ಟಿದ್ದರು: ಬಿಂದಿಗೆಯಲ್ಲಿ ಉಂಗುರ ಹುಡುಕುವ ಶಾಸ್ತ್ರ ಇದೆಯಲ್ಲ, ಹುಡುಗಿಗೆ ಸಿಕ್ಕರೆ ಅವಳ ಮಾತು, ಹುಡುಗನಿಗೆ ಸಿಕ್ಕರೆ ತಮ್ಮ ಮಾತು. ಅಂದಿನಿಂದ ನನಗೆ ನಿದ್ದೆಯೇ ಹತ್ತಿರಲಿಲ್ಲ.

“ಉಂಗುರ ತೇಲ್ಕೊಂಡು ನೇರ ನಮ್ಮ ಹುಡುಗಿ ಕೈಗೇ ಬರುತ್ತೆ,” ಎಂದರು ಇವರು.

ಬೇಡ ಎಂದೆ. ನನ್ನ ಮಾತು ಕೇಳಿದ್ದರೆ ತಾನೆ.

ಶಾಸ್ತ್ರದ ಹೊತ್ತಿಗೆ ಬಿಲ್ಲೆ ಬಿಂದಿಗೆಯ ತಳ ಸೇರಿತ್ತು. ಪುರೋಹಿತರು ಹಾಲು ಬೆರೆಸಿದ ನೀರಿಗೆ ಅಕ್ಷತೆ, ಅಡಿಕೆಯ ಜೊತೆ ಉಂಗುರ ಬಿಟ್ಟರು. ಮೊದಲು ಅಕ್ಷತೆ ತೇಲಿತು, ಆಮೇಲೆ ಅಡಿಕೆ ತೇಲಿತು. ಉಂಗುರ ಮಾತ್ರ ಇಲ್ಲ.

“ಚಿನ್ನ ನುಣುಪು ಕಣೇ,” ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಗುಳ್ಳೆ ಅಂಟೋಕೆ ಒರಟು ಬೇಕು. ಇದು ನಂಗೆ ಮೊದಲೇ ಹೊಳೀಲಿಲ್ಲ.”

“ನಿಮ್ಮ ತಲೆಗೆ ಅಂಟಿಸ್ಬೇಕಿತ್ತು.”

ಸಿಟ್ಟಿಗೆ, ಬಿಲ್ಲೆಯನ್ನು ದೂರದಿಂದಲೇ ನಡೆಸಲು ಜೇಬಿನಲ್ಲಿಟ್ಟುಕೊಂಡಿದ್ದ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಬಿಂದಿಗೆ ಬುಸುಗುಟ್ಟಿತು. ಅಳಿಯ ನಿರಂಜನನ ಮೈತುಂಬ ಕೂದಲು. ಕೈಯ ಒಂದೊಂದು ಕೂದಲಿಗೂ ಗುಳ್ಳೆ ಹತ್ತಿ, ಮುಳುಗಿಸಿದ ಕೈ ಟಪ್ಪನೆ ಮೇಲೆ ಬಂತು. ಮತ್ತೆ ಅದುಮಿದ, ಮತ್ತೆ ಬಂತು. ಅಷ್ಟರಲ್ಲಿ ವಸುಧಾ ತಳ ತಡವಿ ಉಂಗುರ ಎತ್ತಿಬಿಟ್ಟಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

“ನಡೆಯಲ್ಲ,” ಸರ್ವಮಂಗಳಮ್ಮ ಎದ್ದುನಿಂತರು. “ನೀರಿಗೆ ಏನೋ ಬೆರೆಸಿದೀರಿ.” ಪರೀಕ್ಷೆಗೆಂದು ಒಂದು ಬೊಗಸೆ ಎತ್ತಿ ಗಟಗಟನೆ ಕುಡಿದೇಬಿಟ್ಟರು.

ಮೊದಲು ಬಿಕ್ಕಳಿಕೆ. ಆಮೇಲೆ ಅವರ ಡಾಬು ಪಟ್ಟೆಂದು ಬಿಚ್ಚಿಕೊಂಡಿತು. ಆಮೇಲೆ ಪಾದಗಳು ಜಮಖಾನ ಬಿಟ್ಟವು. ನೋಡನೋಡುತ್ತ ಬೀಗತಿ ಮಾವಿನ ತೋರಣದ ಮಟ್ಟಕ್ಕೆ ಏರಿದರು. ವಾಲಗದವರು ಗಾಬರಿಯಲ್ಲಿ ಗಟ್ಟಿಮೇಳ ಬಾರಿಸಿದರು.

“ಇಳಿಸ್ರೀ ಅವರನ್ನ,” ಎಂದೆ.

“ಸೋಡಾ ಗ್ಯಾಸು ಗಾಳಿಗಿಂತ ಭಾರ. ಲೆಕ್ಕದ ಪ್ರಕಾರ ಅವರು ತೇಲೋ ಹಾಗೇ ಇಲ್ಲ. ತಪ್ಪು ಅವರದ್ದು.”

“ಗುಳ್ಳೆ ಒಡೀರಿ ಅಂದೆ.”

“ಒಡೆಯಲ್ಲ ಅನ್ನೋದೇ ಅದರ ವಿಶೇಷ,” ಎಂದವರು, ಮಗಳ ಕಡೆ ಬಾಗಿ, “ಮೊದಲು ಓದಿಗೆ ಒಪ್ಪಿಗೆ ಕೇಳು. ಇದೇ ಸರಿಯಾದ ಸಮಯ,” ಎಂದರು.

“ಹೊಟ್ಟೆ ಉಬ್ಬಿದವರ ಹತ್ರ ಚೌಕಾಸಿ ಮಾಡಬಾರದಪ್ಪ,” ಎಂದು ವಸುಧಾ ಬಾಸಿಂಗ ಬಿಚ್ಚಿಟ್ಟು, ಮೇಜಿನ ಮೇಲೆ ಕುರ್ಚಿ ಹಾಕಿಸಿ ಹತ್ತಿದಳು. ಅತ್ತೆಯ ಎಡಪಕ್ಕೆಗೆ ಕಿವಿಯಿಟ್ಟಳು, ಮುಷ್ಟಿಯಿಂದ ನೀವಿದಳು, ಆಮೇಲೆ ಧಡ್ ಧಡ್ ಎಂದು ತಟ್ಟಿದಳು.

ಆ ತೇಗಿಗೆ ಚಪ್ಪರದ ದೀಪಗಳೆಲ್ಲ ಅಲ್ಲಾಡಿದವು. ಸರ್ವಮಂಗಳಮ್ಮ ಕಂತುಕಂತಾಗಿ ತೇಗುತ್ತ, ಕಂತುಕಂತಾಗಿ ಇಳಿದು ಜಮಖಾನದ ಮೇಲೆ ಕುಳಿತರು.

“ಎಲ್ಲಿ ಕಲಿತೆ ಇದನ್ನ?” ಎಂದು ಕೇಳಿದರು.

“ಕಾಲೇಜಲ್ಲಿ, ಅತ್ತೆ. ಹಸು ಹೊಟ್ಟೆ ಉಬ್ಬಿದಾಗ ಹೀಗೇ ಮಾಡೋದು.”

ಬೀಗತಿಯನ್ನು ಹಸುವಿಗೆ ಹೋಲಿಸಿದಳಲ್ಲ ಎಂದು ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

“ಇದು ಯಾವ ವರ್ಷದ ಪಾಠ?”

“ಮೂರನೇದು. ಇದಕ್ಕೂ ಇಳೀದಿದ್ರೆ ಸೂಜಿ ಚುಚ್ಚಬೇಕು. ಅದರ ಅಭ್ಯಾಸ ಕೊನೇ ವರ್ಷ.”

ಬೀಗತಿ ಪಕ್ಕೆ ಸವರಿಕೊಂಡರು. “ಪೂರ್ತಿ ಓದಿ ಮುಗಿಸಮ್ಮ. ನಿಮ್ಮಪ್ಪ ಇರೋವರೆಗೂ ಅರ್ಧ ಕಲಿತವರನ್ನ ನಂಬ್ಕೊಂಡು ನಾನು ಬದುಕೋಕಾಗಲ್ಲ.”

ನಾನು ಅತ್ತೇಬಿಟ್ಟೆ. ಊಟ ಮುಗಿಯುವವರೆಗೂ ಬೀಗತಿ, ವಸುಧಾ ತಟ್ಟಿದ್ದು ಜೋರಾಯಿತೆಂದೂ, ಬಳೆ ತಗುಲಿತೆಂದೂ, ಕೈ ತಣ್ಣಗಿತ್ತೆಂದೂ ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದರು. ಹಸುವಾದರೆ ವಾಸಿಯಾದ ಮೇಲೆ ಸುಮ್ಮನೆ ಹುಲ್ಲು ತಿನ್ನುತ್ತದೆ.