ಓಡಿಸೋಕೆ ಬಾರದವನ ಮೂವತ್ತೆಂಟು ಕಾರು

ನಾನು ಯಾರನ್ನೂ ನಗಿಸೋಕೆ ಹೋದೋನಲ್ಲ. ಸಂಜೆ ಒಂದೆರಡು ಗಂಟೆ ಕೂತ್ಕೊಂಡು, ಉಸಿರು ಬಿಗಿಹಿಡಿದು, ಅಂಗೈ ಮೇಲೆ ನಿಲ್ಲೋ ಅಷ್ಟು ಚಿಕ್ಕ ಕಾರಿನ ಮಾಡೆಲ್ ಜೋಡಿಸಿ ಬಣ್ಣ ಹಚ್ತೀನಿ, ಅಷ್ಟೇ. ಆದ್ರೂ ವರ್ಷಕ್ಕೆ ಮೂರು ನಾಲ್ಕು ಸಲ ಈ ಕಾರುಗಳ ದೆಸೆಯಿಂದ ನಮ್ಮ ಮನೇಲೋ ಬೇರೆಯವರ ಮನೇಲೋ ಏನಾದ್ರೊಂದು ಆಗೇ ಆಗುತ್ತೆ. ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ, ನಾನು ಮುಖ ಗಂಟು ಹಾಕ್ಕೊಂಡು ನಿಂತಿರ್ತೀನಿ.

ಹೊಟ್ಟೆಪಾಡಿಗೆ ನಾನು ಹಲ್ಲು ಮಾಡೋನು. ತುಮಕೂರಿನ ಶೆಟ್ಟಿಹಳ್ಳೀಲಿ ಒಂದು ಸಣ್ಣ ಲ್ಯಾಬು. ಸುತ್ತಮುತ್ತಲ ಊರಿನ ಹಲ್ಲಿನ ಡಾಕ್ಟರುಗಳು ಪೇಷೆಂಟಿನ ಬಾಯಿಯ ಅಚ್ಚು ತೆಗೆದು ಕಳಿಸ್ತಾರೆ, ನಾನು ಕಟ್ಟಿಸ್ಕೊಳ್ಳೋ ಹಲ್ಲಿನ ಸೆಟ್ ಮಾಡಿ ವಾಪಸ್ ಕಳಿಸ್ತೀನಿ. ಸಂಜೆವರೆಗೆ ಹಲ್ಲು, ಆಮೇಲೆ ಕಾರು. ಅದೇ ಟೇಬಲ್ಲು, ಅದೇ ಅರ, ಅದೇ ಭೂತಗನ್ನಡಿ. ಎಡವಟ್ಟಿನ ಮೂಲ ಇಲ್ಲೇ ಇರೋದು.

ಗುಬ್ಬಿಗೆ ಹೋದ ಡಬ್ಬಿ

ಒಂದಿನ ಗುಬ್ಬಿ ಡಾಕ್ಟರಿಗೆ ಒಂದು ಫುಲ್ ಸೆಟ್ ಹೋಗ್ಬೇಕಿತ್ತು. ಮೊಮ್ಮಗಳ ಮದುವೆಗೆ ಹೊರಟಿದ್ದ ಒಬ್ಬ ಅಜ್ಜನಿಗೆ. ಸೆಟ್ಟನ್ನ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಇಟ್ಟಿದ್ದೆ. ಪಕ್ಕದಲ್ಲಿ ಅದೇ ಥರದ ಇನ್ನೊಂದು ಡಬ್ಬೀಲಿ, ಇನ್ನೂ ಚಕ್ರ ಹಾಕದ ಒಂದು ಕೆಂಪು ಜೀಪಿನ ಬಾಡಿ. ಬಸ್ ಹೊರಡೋ ಹೊತ್ತಾಗಿತ್ತು. ಕೈಗೆ ಸಿಕ್ಕ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ, ಚೀಟಿ ಅಂಟಿಸಿ, ಓಡಿಹೋಗಿ ಕಂಡಕ್ಟರ್ ಕೈಗೆ ಕೊಟ್ಟು ಬಂದೆ.

ಒಂದು ಗಂಟೆ ಆದ್ಮೇಲೆ ಡಾಕ್ಟರ್ ಫೋನು. ದನಿ ಬಹಳ ಮೆತ್ತಗಿತ್ತು.

"ಪೇಷೆಂಟು ಚೇರಿನ ಮೇಲೆ ಬಾಯಿ ತೆರ್ಕೊಂಡು ಮಲಗವ್ರೆ. ನಾನು ಈಗ ಡಬ್ಬಿ ತೆಗ್ದೆ."

"ಫಿಟ್ಟಿಂಗ್ ಹೆಂಗಿದೆ ಸರ್?" ಅಂದೆ.

"ಇನ್ನೂ ಹಾಕಿಲ್ಲ. ಮುಂದ್ಗಡೆಯಿಂದ ಒಳಕ್ಕೆ ಬಿಡ್ಲೋ, ರಿವರ್ಸಲ್ಲಿ ಪಾರ್ಕ್ ಮಾಡ್ಲೋ, ಅದೊಂದು ಹೇಳಿ."

ಮೇಡಂ ಕೇಳಿದ ಪ್ರಶ್ನೆ

ನಮ್ಮ ಮನೆ ಉಪ್ಪಾರಹಳ್ಳೀಲಿ. ಮನೇಲಿ ಅಪ್ಪ, ಅಮ್ಮ, ನಾನು, ಗೋಡೆ ತುಂಬ ಕಾರು. ರೇಷನ್ ಕಾರ್ಡಿನ ವಿಚಾರಣೆ ಅಂತ ಒಬ್ಬರು ಮೇಡಂ ಫಾರಂ ಹಿಡ್ಕೊಂಡು ಬಂದ್ರು. ನಾನು ಊಟಕ್ಕೆ ಬಂದೋನು ಹಿತ್ತಲಲ್ಲಿ ಕೈಕಾಲು ತೊಳೀತಿದ್ದೆ. ಉತ್ತರ ಕೊಡೋಕೆ ಅಮ್ಮ ಕೂತ್ಲು.

"ಮನೇಲಿ ಕಾರ್ ಇದ್ಯಾ ಅಜ್ಜಿ?"

"ಇದಾವೆ ಕಣವ್ವ."

"ಇದಾವೆ ಅಂದ್ರೆ? ಎಷ್ಟು?"

"ಮೂವತ್ತೆಂಟು. ಹೋದ ವಾರ ಇನ್ನೊಂದು ಸುರು ಹಚ್ಕಂಡವ್ನೆ."

ಮೇಡಂ ಪೆನ್ನು ನಿಂತೋಯ್ತು. "ಟ್ರಾವೆಲ್ಸ್ ಇಟ್ಟಿದೀರಾ?"

"ಅಯ್ಯೋ ಇಲ್ಲ ಬುಡವ್ವ. ಎಲ್ಲಾನೂ ಒಳಗೇ ನಿಲ್ಸವ್ನೆ. ದಿನಾ ಒರೆಸಿ ಒರೆಸಿ ನಂಗೆ ಸೊಂಟ ಬಿದ್ದೋಯ್ತು."

ನಾನು ಟವೆಲಲ್ಲೇ ಓಡಿ ಬಂದು, ಗೋಡೆ ಕಪಾಟು ತೋರಿಸಿ, ಕಾರ್ಡು ಉಳಿಸ್ಕೊಂಡೆ. ಮೇಡಂಗೆ ನಗು ತಡೆಯೋಕಾಗ್ಲಿಲ್ಲ. "ಸುಮ್ನೆ ಕೇಳ್ತೀನಿ ಸರ್, ಇದ್ರಲ್ಲಿ ಒಂದಾದ್ರೂ ಓಡುತ್ತಾ?" ಅಂದ್ರು.

ನಾನು ಬಾಯಿ ಬಿಡೋಕೆ ಮುಂಚೆ ಮೂಲೆ ಮಂಚದಿಂದ ಅಪ್ಪ ಉತ್ತರ ಕೊಟ್ಟ. "ಓಡಿದ್ರೂ ಪ್ರಯೋಜನ ಇಲ್ಲ ತಾಯಿ. ಓಡ್ಸೋಕೆ ಬರ್ಬೇಕಲ್ಲ ಅವ್ನಿಗೆ."

ಹುಣಸೆಮರ

ಅಪ್ಪ ಹೇಳಿದ್ದು ನಿಜ. ಮೂವತ್ತೆಂಟು ಕಾರು ಕಟ್ಟಿರೋ ನನಗೆ ಕಾರು ಓಡ್ಸೋಕೆ ಬರಲ್ಲ. ಸಿಟಿ ಬಸ್ಸು, ಆಟೋ, ಇಲ್ಲಾಂದ್ರೆ ನಡಿಗೆ. ಅವತ್ತು ಮೇಡಂ ನಕ್ಕರು, ಅಮ್ಮ ನಕ್ಕಳು, ನಾನು ಮಾತ್ರ ನಗ್ಲಿಲ್ಲ. ಯಾಕೆ ಅಂದ್ರೆ ನನ್ನ ಡ್ರೈವಿಂಗ್ ಬಗ್ಗೆ ಅಪ್ಪ ಇಪ್ಪತ್ತೇಳು ವರ್ಷದಲ್ಲಿ ಆಡಿದ ಮೊದಲನೇ ಮಾತು ಅದು.

ಅಪ್ಪನಿಗೆ ಒಂದು ಅಂಬಾಸಿಡರ್ ಟ್ಯಾಕ್ಸಿ ಇತ್ತು. ಸ್ವಂತದ್ದು. ಹಿಂದಿನ ಗಾಜಿನ ಮೇಲೆ 'ಓನರ್ ಕಂ ಡ್ರೈವರ್' ಅಂತ ಬರೆಸಿದ್ದ. ನನಗೆ ಹತ್ತೊಂಬತ್ತಾದಾಗ ಒಂದು ಶನಿವಾರ ಬೆಳ್ಳಾವಿ ಕಡೆ ಖಾಲಿ ರಸ್ತೇಲಿ ನನ್ನ ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತ. ಎರಡು ಮೈಲಿ ರಾಜನ ಹಂಗೆ ಓಡಿಸ್ದೆ. ಮುಂದೆ ಇಳಿಜಾರು, ಒಂದು ತಿರುವು, ತಿರುವಿನಲ್ಲಿ ಹುಣಸೆಮರ. ಅಪ್ಪ "ತುಳಿಯೋ! ತುಳಿಯೋ!" ಅಂತ ಕೂಗ್ದ. ತುಳಿದೆ. ಗಾಡಿ ನಿಲ್ಲಲಿಲ್ಲ.

ಅಕ್ಕಪಕ್ಕದ ಹೊಲದೋರೆಲ್ಲ ಓಡಿ ಬಂದ್ರು. ಆ ಮರದ ಯಜಮಾನ್ರೂ ಬಂದ್ರು. ನನ್ನ ಹಣೇಲಿ ರಕ್ತ, ಅಪ್ಪ ಮಂಡಿ ಹಿಡ್ಕೊಂಡು ನೆಲದ ಮೇಲೆ ಕೂತವ್ನೆ, ರೇಡಿಯೇಟರಿಂದ ಬುಸ್ ಅಂತ ಹಬೆ. ಯಜಮಾನ್ರು ನಮ್ಮನ್ನ ದಾಟಿ ಹೋಗಿ, ಮರದ ಸುತ್ತ ಒಂದು ಸುತ್ತು ಬಂದು, ಬುಡ ತಡವಿ ನೋಡಿ, "ಯಾರೂ ಗಾಬರಿ ಆಗ್ಬೇಡಿ, ಏನೂ ಆಗಿಲ್ಲ" ಅಂತ ಎಲ್ಲರಿಗೂ ಧೈರ್ಯ ಹೇಳಿದ್ರು.

ಗಾಡಿ ಗುಜರಿಗೆ ಹೋಯ್ತು. ಅಪ್ಪ ಆಮೇಲೆ ಬೇರೆಯವರ ಗಾಡಿಗೆ ಡ್ರೈವರ್ ಆದ, ವಯಸ್ಸಾಗೋವರೆಗೂ ಕುಂಟ್ಕೊಂಡೇ ದುಡಿದ. ನೆಂಟರು ಬೈದ್ರು, ಅಮ್ಮ ಬೈದ್ಲು, ಗುರುತು ಪರಿಚಯ ಇಲ್ಲದೋರೂ ನಿಂತು ಬೈದು ಹೋದ್ರು. ಅಪ್ಪ ಒಬ್ಬ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಬೈಸ್ಕೊಂಡೋನು ಅತ್ತು, ಉಂಡು, ಮಲಗ್ತಾನೆ. ನಾನು ಆ ಬೈಗುಳಕ್ಕೆ ಇಪ್ಪತ್ತೇಳು ವರ್ಷದಿಂದ ಕಾಯ್ತಾ ಇದ್ದೆ.

ಕುಣಿಗಲ್ಲಿನ ಫೋಟೋ

ಹೋದ ವರ್ಷ ಕಣ್ಣಿನ ಡಾಕ್ಟರು ನನ್ನ ಪಕ್ಕಕ್ಕೆ ಕರೆದು, ಅಪ್ಪನ ಕಣ್ಣಿನ ನರ ಒಣಗ್ತಿದೆ ಅಂದ್ರು. ಈಗ ಎದುರಿಗೆ ಬಳೆ ಅಗಲದಷ್ಟು ಜಾಗ ಕಾಣುತ್ತೆ, ಸುತ್ತ ಎಲ್ಲ ಮಸುಕು, ಆ ಬಳೆಯೂ ದಿನ ದಿನ ಚಿಕ್ಕದಾಗುತ್ತೆ ಅಂತ ಹೇಳಿದ್ರು. ಅವತ್ತೇ ತೀರ್ಮಾನ ಮಾಡ್ದೆ. ಅದು ಮುಚ್ಚೋಕೆ ಮುಂಚೆ ಅಪ್ಪನ ಟ್ಯಾಕ್ಸಿ ಕಟ್ಟಿ ಕೈಗೆ ಕೊಡ್ಬೇಕು. ನೋಡಿ ಹೊಗಳ್ತಾನೋ, ಉಗೀತಾನೋ, ಏನಾದ್ರೂ ಅನ್ಲಿ.

ಆದ್ರೆ ಮನೇಲಿ ಆ ಗಾಡಿಯ ಒಂದು ಫೋಟೋ ಇರ್ಲಿಲ್ಲ. ಅಮ್ಮನಿಗೆ ಜ್ಞಾಪಕ ಬಂತು, ಕೊನೆಗೆ ಕುಣಿಗಲ್ಲಿನ ಒಂದು ಮದುವೆಗೆ ಬಾಡಿಗೆ ಹೋಗಿತ್ತು ಅಂತ. ವಿಚಾರಿಸ್ಕೊಂಡು ಆ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಇದ್ರು. ಕಾಫಿ ಕೊಟ್ಟು, ಮದುವೆ ಆಲ್ಬಂ ತಂದು ತೊಡೆ ಮೇಲಿಟ್ರು. ಆಯಮ್ಮ ಸಂಭ್ರಮದಿಂದ "ಇದು ಧಾರೆ, ಇದು ನಮ್ಮಕ್ಕ, ಇದು ನನ್ನ ಸೀರೆ" ಅಂತ ತೋರಿಸ್ತಿದ್ರೆ, ನಾನು "ಕಾರೆಲ್ಲಿ, ಕಾರೆಲ್ಲಿ" ಅಂತ ಹಾಳೆ ಮಗುಚ್ತಿದ್ದೆ.

ಕೊನೇ ಹಾಳೇಲಿ ಸಿಕ್ತು. ಪೂರ್ತಿ ಕಾರು, ಒಳ್ಳೆ ಬೆಳಕು. ಆದ್ರೆ ಮದುಮಗ ಸರಿಯಾಗಿ ಮುಂದಿನ ಗ್ರಿಲ್ಲಿಗೆ ಅಡ್ಡ ನಿಂತಿದ್ರು. ನನ್ನ ಬಾಯಿಂದ ತಡೆಯೋಕೆ ಮುಂಚೆ ಬಂದುಬಿಡ್ತು. "ಛೆ! ಯಜಮಾನ್ರು ಅಡ್ಡ ನಿಂತ್ಬಿಟ್ಟವ್ರೆ."

ಆಯಮ್ಮ ಕಾಫಿ ಲೋಟ ಎತ್ಕೊಳ್ತಾ, ಗಂಡನ ಕಡೆ ತಿರುಗೂ ನೋಡ್ದೆ, "ಇಪ್ಪತ್ತೇಳು ವರ್ಷದಿಂದ ಹಂಗೇ ನಿಂತವ್ರೆ" ಅಂದ್ರು.

ಬಣ್ಣ

ಅಂಬಾಸಿಡರಿನ ರೆಡಿ ಕಿಟ್ ನನಗೆ ಎಲ್ಲೂ ಸಿಗ್ಲಿಲ್ಲ. ಹಲ್ಲಿನ ಸೆಟ್ ಮಾಡೋ ಹಂಗೇ ಮಾಡ್ದೆ. ಮೇಣದಲ್ಲಿ ಬಾಡಿ ಕೆತ್ತಿ, ಪ್ಲಾಸ್ಟರಲ್ಲಿ ಅಚ್ಚು ತೆಗೆದು, ವಸಡಿಗೆ ಹಾಕೋ ಗುಲಾಬಿ ಪ್ಲಾಸ್ಟಿಕ್ ತುಂಬಿ ಬೇಯಿಸ್ದೆ. ಬಾಗಿಲ ಹಿಡಿಗೆ, ಪೆಡಲಿಗೆ, ಹಲ್ಲು ಕಟ್ಟೋ ತಂತಿ. ನಾಲ್ಕು ತಿಂಗಳು ಹಿಡೀತು. ಬಣ್ಣ ಹಚ್ಚೋಕೆ ಮುಂಚೆ ಅದನ್ನ ನೋಡಿದ್ರೆ ಯಾರದೋ ಬಾಯಿಂದ ಹೊರಬಂದ ಕಾರಿನ ಹಂಗೇ ಕಾಣ್ತಿತ್ತು.

ಕಷ್ಟ ಆಗಿದ್ದು ಬಿಳಿ ಬಣ್ಣ. ಯಾವ ಬಿಳಿ? ಫೋಟೋ ಹಳೇದಾಗಿ ಹಳದಿ ಬಂದಿತ್ತು. ಹಲ್ಲಿನ ಬಣ್ಣ ಹೊಂದಿಸೋಕೆ ನಮ್ಮಲ್ಲಿ ಒಂದು ಸ್ಯಾಂಪಲ್ ಪಟ್ಟಿ ಇರುತ್ತೆ, ಹದಿನಾರು ಹಲ್ಲು ಸಾಲಾಗಿ ಜೋಡಿಸಿರ್ತಾರೆ, ಒಂದೊಂದೂ ಒಂದೊಂದು ಬಿಳಿ. ಅದನ್ನ ಮನೆಗೆ ತಂದು ಗುಟ್ಟಾಗಿ ಅಮ್ಮನಿಗೆ ಹಿಡಿದೆ. ಅಮ್ಮ ಒಂದೊಂದೇ ನೋಡಿ, ಕೊನೇ ಸಾಲಿನ ಕಂದು ಹಲ್ಲಿನ ಮೇಲೆ ಬೆರಳಿಟ್ಲು.

"ಇದೇ. ಗ್ಯಾರಂಟಿ."

"ಇಷ್ಟು ವರ್ಷ ಆದ್ಮೇಲೆ ಅಷ್ಟು ಗ್ಯಾರಂಟಿ ಹೆಂಗೆ ಹೇಳ್ತೀಯಾ?"

"ಹೊಸದ್ರಲ್ಲಿ ನಿಮ್ಮಪ್ಪನ ಹಲ್ಲೂ ಗಾಡಿನೂ ಎರಡೂ ಬೆಳ್ಳಗಿದ್ವು. ಬೀಡಿ ಹೊಗೆ ಕುಡ್ದು ಕುಡ್ದು ಎರಡೂ ಒಟ್ಟಿಗೇ ಈ ಬಣ್ಣಕ್ಕೆ ಬಂದ್ವು ಕಣೋ."

ಪೂಜೆ

ಕಾರು ಮುಗಿದ ಭಾನುವಾರ ಬೆಳಿಗ್ಗೆ ಅಪ್ಪನ ಕೈಗೆ ಕೊಡೋಕೆ ಹೊರಟ್ರೆ ಅಮ್ಮ ಬಿಡ್ಲಿಲ್ಲ. "ಹೊಸ ಗಾಡೀನ ಪೂಜೆ ಇಲ್ದೆ ಯಾರಾದ್ರೂ ಕೊಡ್ತಾರಾ?" ಅಂದ್ಲು. ದೇವರ ಮುಂದೆ ನಿಲ್ಸಿ ಅರಿಶಿನ ಕುಂಕುಮ ಇಡೋಕೆ ಬಂದ್ಲು. ನಾನು ಕೈಕಾಲು ಹಿಡಿದು, ಬಣ್ಣ ಕೆಡದೇ ಇರೋ ಹಂಗೆ ಟೈರಿಗೆ ಮಾತ್ರ ಒಂದೊಂದು ಚುಕ್ಕೆ ಇಡಿಸ್ದೆ. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಅಂದ್ಲು. ಇಟ್ಟು ನೋಡಿದ್ರೆ ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು.

ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಡುಗೆ ಮನೆಯಿಂದ ನಾಲ್ಕು ಮೆಣಸಿನಕಾಳು ತಂದು, ಚಕ್ರಕ್ಕೊಂದರ ಹಂಗೆ ಇಟ್ಲು. "ಹೂಂ, ಈಗ ಮೇಲೆ ಹತ್ಸು."

ಒಂದು ಬೆರಳಲ್ಲಿ ತಳ್ದೆ. ಮೆಣಸು ಒಡೀಲಿಲ್ಲ. ಕಾರು ಅದರ ಮೇಲೆ ಉರುಳ್ಕೊಂಡು ಸರ್ರಂತ ಹೋಗಿ ದೀಪದ ಕಂಬಕ್ಕೆ ಢಿಕ್ಕಿ ಹೊಡೀತು. ಪುಣ್ಯಕ್ಕೆ ಬಂಪರು ಗಟ್ಟಿ ಇತ್ತು. ಅಮ್ಮ ನನ್ನ ಮುಖವನ್ನೇ ಒಂದು ನಿಮಿಷ ನೋಡಿ, "ಬುಡು, ನಿನ್ ಕೈಗುಣ" ಅಂದ್ಲು.

ಮೂರು ಪೆಡಲು

ಅಪ್ಪ ಜಗುಲಿ ಮೇಲೆ ಬಿಸಿಲಿಗೆ ಕೂತಿದ್ದ. ಏನೂ ಹೇಳ್ದೆ ಕಾರನ್ನ ಅವನ ಎರಡೂ ಕೈಗೆ ಇಟ್ಟೆ, ಭೂತಗನ್ನಡಿ ಕೊಟ್ಟೆ.

ಕಾರನ್ನ ಮೂಗಿನ ಹತ್ರ ತಂದ್ಕೊಂಡು, ಆ ಬಳೆ ಅಗಲದ ಕಣ್ಣಲ್ಲಿ ಒಂದೊಂದೇ ಜಾಗ ನೋಡ್ತಾ ಬಂದ. ಗ್ರಿಲ್ಲು. ಹೆಡ್‌ಲೈಟು. ಹಿಂದಿನ ಗಾಜಿನ ಮೇಲೆ ನಾನು ಕೂದಲೆಳೆ ಬ್ರಷ್ಷಲ್ಲಿ ಬರೆದಿದ್ದ 'ಓನರ್ ಕಂ ಡ್ರೈವರ್'. ಅಲ್ಲಿ ತುಂಬ ಹೊತ್ತು ನಿಂತ. ಬಾಗಿಲು ತೆಗೆದು ಒಳಗೆ ನೋಡ್ದ. ಸ್ಟೇರಿಂಗ್ ಪಕ್ಕದ ಗೇರು, ಬೀಡಿ ಬೂದಿ ಹಾಕೋ ಡಬ್ಬಿ. ಹೂಂ, ಹೂಂ ಅಂತಿದ್ದ. ಆಮೇಲೆ ಭೂತಗನ್ನಡಿ ಕಾಲಿಡೋ ಜಾಗಕ್ಕೆ ಇಳೀತು.

"ಇದೇನ್ಲಾ ಮೂರು?"

"ಕ್ಲಚ್ಚು, ಬ್ರೇಕು, ಆಕ್ಸಿಲೇಟರು."

"ನಡುವಿಂದು ಕಿತ್ತಾಕು."

"ಯಾಕಪ್ಪ?"

"ಈ ಗಾಡೀಲಿ ಬ್ರೇಕ್ ಇರ್ಲಿಲ್ಲ ಕಣ್ಲಾ."

ನನಗೆ ಏನೂ ಅರ್ಥ ಆಗ್ಲಿಲ್ಲ. ಅಪ್ಪ ಕಾರನ್ನ ತೊಡೆ ಮೇಲೆ ಇಟ್ಕೊಂಡ.

"ಆ ವಾರ ಸಾಲಾಗಿ ಮದುವೆ ಬಾಡಿಗೆ. ಬ್ರೇಕು ಮೆತ್ತಗಾಗಿತ್ತು, ಎರಡು ಮೂರು ಸಲ ಒತ್ತಿದ್ರೆ ಹಿಡೀತಿತ್ತು. ಸೋಮವಾರ ಮೆಕ್ಯಾನಿಕ್ಕಿಗೆ ತೋರಿಸಾನ ಅಂದ್ಕಂಡೆ. ಶನಿವಾರ ನಿನ್ನ ಕೂರಿಸ್ದೆ. ಹೇಳೋದ್ ಮರ್ತೋದೆ. ತುಳಿಯೋ ಅಂತ ಕೂಗ್ದಾಗ ಜ್ಞಾಪಕ ಬಂತು. ಊರೋರೆಲ್ಲ ನಿನ್ನ ಬೈತಿದ್ರು, ನಾನು ಬಾಯಿ ಬಿಡ್ಲಿಲ್ಲ. ತಪ್ಪು ನಂದು. ನಿನ್ನ ಯಾವ್ ಬಾಯಲ್ಲಿ ಬೈಲಿ?"

ಅಪ್ಪನ ಕಣ್ಣಲ್ಲಿ ನೀರು ಬಂತು. ಅಪ್ಪ ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು. ಅಲ್ಲಿಗೆ ಸುಮ್ನಿದ್ದಿದ್ರೆ ನಾನು ಬಚಾವು. ಮರ ಗುದ್ದಿದ್ದು ಬ್ರೇಕಿನ ತಪ್ಪು, ನಂದಲ್ಲ, ಮುಗೀತು. ಆದ್ರೆ ಆ ಕಣ್ಣೀರು ನೋಡ್ಕೊಂಡು ಬಚಾವಾಗೋಕೆ ನನ್ನ ಕೈಲಿ ಆಗ್ಲಿಲ್ಲ.

"ಅಪ್ಪ," ಅಂದೆ, "ನಾನು ಬ್ರೇಕ್ ತುಳೀಲೇ ಇಲ್ಲ."

"ಏನಂದೆ?"

"ನೀನು ತುಳಿಯೋ ತುಳಿಯೋ ಅಂದಾಗ ನಾನು ಕ್ಲಚ್ ತುಳ್ದೆ. ಮರ ಸಿಗೋವರ್ಗೂ ಕ್ಲಚ್ಚೇ ತುಳೀತಿದ್ದೆ. ಎರಡೂ ಕಾಲಲ್ಲಿ."

ಅಪ್ಪ ಅಳು ನಿಲ್ಸಿದ. ಕಾರನ್ನ ಹುಷಾರಾಗಿ ಪಕ್ಕಕ್ಕಿಟ್ಟ. ಭೂತಗನ್ನಡೀನ ಅದರ ಪಕ್ಕ ಇಟ್ಟ. ಆಮೇಲೆ ಸುರುವಾಯ್ತು. "ಏನ್ಲೇ ಬಡ್ಡೀಮಗನೆ! ಕತ್ತೆ! ಕ್ಲಚ್ ತುಳ್ದ್ಯಾ? ಎರಡೂ ಕಾಲಲ್ಲಿ ತುಳ್ದ್ಯಾ? ಅನ್ನ ತಿಂತಿದ್ದ್ಯೋ ಇನ್ನೇನ್ ತಿಂತಿದ್ದ್ಯೋ? ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಿಲ್ದೋನಿಗೆ ಸ್ಟೇರಿಂಗ್ ಬೇರೆ ಕೇಡು!" ಬೀದೀಲಿ ಹೋಗೋರು ನಿಂತು ನೋಡ್ತಿದ್ರು. ನಾನು ತಲೆ ಬಗ್ಗಿಸಿ ನಿಂತು ಒಂದೊಂದನ್ನೂ ಹೊಟ್ಟೆ ತುಂಬ ಬೈಸ್ಕೊಂಡೆ. ಅಳ್ತಿದ್ನೋ ನಗ್ತಿದ್ನೋ ನನಗೇ ಗೊತ್ತಿಲ್ಲ.

ಅಮ್ಮ ಸೌಟು ಹಿಡ್ಕೊಂಡೇ ಓಡಿ ಬಂದ್ಲು. "ಏನಾಯ್ತ್ರೀ? ಯಾಕಿಂಗ್ ಕಿರುಚ್ತಾ ಇದೀರಾ?"

ಅಪ್ಪ ಮಸುಕು ಕಣ್ಣಲ್ಲಿ ನಾನಿಲ್ಲದ ಕಡೆಗೆ ಬೆರಳು ತೋರಿಸ್ತಾ ಕೂಗ್ದ:

"ನೋಡೇ ಇಲ್ಲಿ! ನಿನ್ ಮಗ ನನ್ ಗಾಡೀನ ತಗಂಡೋಗಿ ಮರಕ್ಕೆ ಗುದ್ದವ್ನೆ ಕಣೇ!"