ಶಾಂಭವಿ ಉತ್ತರ ಕೊಡವಲ್ಲಳು

ಮದುವೆಯಾಗಿ ನಾಲ್ಕು ವರ್ಷದಲ್ಲಿ ಕಲ್ಲಿನಾಥ ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಅದೂ ರೇಷನ್ ಕಾರ್ಡಿನ ಅರ್ಜಿ ತುಂಬಿಸುವಾಗ. (ಅದನ್ನು ಕರೆದದ್ದು ಎನ್ನಲು ಬರುವುದಿಲ್ಲ, ಬರೆಸಿದ್ದು ಅಷ್ಟೇ.) ಅವ್ವ ಹೀರಾಬಾಯಿ ಎದುರಿಗಿದ್ದರಂತೂ "ಏ, ಕೇಳಸ್ತದೇನು?" ಎಂಬ ಪ್ರಶ್ನೆಯೇ ಆಕೆಯ ನಾಮಧೇಯ. ಶಾಂಭವಿಗೆ ಈ ಪ್ರಶ್ನೆಗೆ ಓಗೊಟ್ಟು ಓಗೊಟ್ಟು ಸಾಕಾಗಿಹೋಗಿತ್ತು. "ನಂದೂ ಒಂದು ಹೆಸರದ್ರೀ, ತೊಟ್ಟಿಲದಾಗ ಹಾಕಿ ಇಟ್ಟದ್ದು" ಎಂದು ಆಗಾಗ ನೆನಪಿಸುತ್ತಿದ್ದಳು. ಕಲ್ಲಿನಾಥ ಹಲ್ಲು ಕಿರಿಯುತ್ತಿದ್ದ.

ಹಾಗಂತ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆಳಂದದ ಮನೆಯ ಪಡಸಾಲೆಯಲ್ಲೇ ಕೂತು ಅವನು ಪುಣೆಯ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದ. ಕಂಪನಿಯ ಪ್ರೋಗ್ರಾಮುಗಳೆಲ್ಲ ಎಲ್ಲೋ ದೂರದ ಕಂಪ್ಯೂಟರುಗಳ ಒಂದು ಗುಂಪಿನಲ್ಲಿ ಓಡುತ್ತವೆ. ಆ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಇವನು ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಆಜ್ಞೆ ಬರೆದರೆ ಅದು ಪಾಲಿಸಬೇಕು. ಹೊಸ ಕ್ಲಸ್ಟರಿಗೆ ಹೆಸರಿಡುವ ಭಾಗ್ಯ ತನಗೆ ಬಂದಾಗ ಕಲ್ಲಿನಾಥ ಅತ್ತಿತ್ತ ನೋಡಿ, ಕಳ್ಳನಂತೆ ಮೈ ಮುದುಡಿಕೊಂಡು, "ಶಾಂಭವಿ" ಎಂದು ಬರೆದುಬಿಟ್ಟ. ಇಂಥ ಪರಾಕ್ರಮ ಮೆರೆದ ಮೇಲೆ ಮನೆಯಲ್ಲಿ ಹೇಳಲು ಮಾತ್ರ ನಾಚಿಕೊಂಡ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಆಜ್ಞೆ ಬರೆದರೆ, ಸಂಪರ್ಕ ನಿರಾಕರಿಸಲಾಗಿದೆ ಎಂಬ ಒಂದೇ ಸಾಲು ಬಂತು. ಮತ್ತೆ ಬರೆದ, ಮತ್ತೆ ಅದೇ. ಗಾಬರಿಯಾಗಿ, ಕಲಬುರಗಿಯಲ್ಲಿ ಕೂತು ಅದೇ ಕಂಪನಿಯ ಕೆಲಸ ಮಾಡುವ ನೆಲೋಗಿಯ ಪರಮೇಶನಿಗೆ ಲ್ಯಾಪ್‌ಟಾಪಿನಿಂದಲೇ ಕರೆ ಹಚ್ಚಿದ. ಇಯರ್‌ಫೋನಿನ ವಯರನ್ನು ಇಲಿ ಕಡಿದು ವಾರವಾಗಿತ್ತು. ಹೀಗಾಗಿ ಇಬ್ಬರ ಮಾತೂ ಮನೆತುಂಬ ಪ್ರಸಾರವಾಯಿತು.

"ಪರಮೇಶಾ, ಶಾಂಭವಿ ಯಾಕೋ ಉತ್ತರ ಕೊಡವಲ್ಲಳು."

"ನಿನ್ನೆ ಆರಾಮ ಇದ್ದಳಲ್ರಿ ಸರ್?"

"ಸಂಜಿತನಾ ಚಂದ ಮಾತಾಡಿದ್ಳಪಾ. ಮುಂಜಾನಿಂದ ಬಾಗಿಲಾ ಬಡಿಯಾಕತ್ತೇನಿ, ಒಲ್ಲೆ ಅಂತಾಳ."

ಹೊರಗೆ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ಹೀರಾಬಾಯಿಯ ಕೈ ನಿಂತಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು. ಕಲ್ಲಿನಾಥನಿಗೆ ಎರಡರ ಪರಿವೆಯೂ ಇರಲಿಲ್ಲ. ಇಂಟರ್ನೆಟ್ ನೋಡಿದರು, ಸರಿಯಿತ್ತು. ಲ್ಯಾಪ್‌ಟಾಪ್ ಆರಿಸಿ ಹಚ್ಚಿ, ಪರಮೇಶನಿಗೆ ಮತ್ತೆ ಕರೆ ಹಚ್ಚಿ, ಇನ್ನೊಮ್ಮೆ ಆಜ್ಞೆ ಬರೆದ. ಶಾಂಭವಿ ಜಪ್ಪಯ್ಯ ಎನ್ನಲಿಲ್ಲ.

"ಸರ್, ಈ ಶಾಂಭವಿನ್ನ ತಗದು ಒಗದು ಹೊಸಾಕಿನ್ನ ತರೋಣೇನ್ರಿ? ಹತ್ತು ಮಿನಿಟಿನ ಕೆಲಸ."

"ಒಂದ ತಾಸು ನೋಡೂಣು ತಡಿ. ಅಷ್ಟಕ್ಕೂ ದಾರಿಗಿ ಬರ್ಲಿಲ್ಲಂದ್ರ ಒಗದೇ ಬಿಡೂಣು."

ಧಡ್ ಎಂದು ಒಂದು ಪಾತ್ರೆ ಕೆಳಗೆ ಬಿತ್ತು. ಬಾಗಿಲಲ್ಲಿ ಶಾಂಭವಿ, ಎರಡೂ ಕೈಗೆ ಜೋಳದ ಹಿಟ್ಟು. ಅವಳ ಹಿಂದೆ ಮೊರ ಹಿಡಿದ ಹೀರಾಬಾಯಿ.

"ಒಂದ ತಾಸು ಯಾಕ್ರಿ? ನಾ ಈಗೇ ಅಂದೋಲಾ ಊರಿಗಿ, ನಮ್ಮವ್ವನ ಮನಿಗಿ ಹೋಗ್ತೇನಿ! ನಾಕು ವರ್ಷದಾಗ ನನ್ನ ಹೆಸರು ನಿಮ್ಮ ಬಾಯಾಗ ಬರ್ಲಿಲ್ಲ. ಇವತ್ತ ಮುಂಜಾನಿಂದ ಬರೇ ಅದೇ ಬರಾಕತ್ತದ, ಅದೂ ಮಂದಿ ಮುಂದ ನನ್ನ ಚಾಡಿ ಹೇಳಾಕ!" ಎನ್ನುತ್ತಿದ್ದಂತೆ ಅವಳ ಕಣ್ಣು ತುಂಬಿದವು.

ಅದನ್ನು ಕಂಡು ಕಲ್ಲಿನಾಥನ ಜೀವವೇ ಹೋದಂತಾಯಿತು. ಇವಳನ್ನು ಅಳಿಸುವುದು ಅವನಿಗೆ ಕನಸಿನಲ್ಲೂ ಬೇಡವಾಗಿತ್ತು. ಆ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಏ, ನೀ ಅಲ್ಲ! ಅಕಿ ಬ್ಯಾರೆ ಶಾಂಭವಿ!"

(ಸಮಸ್ತ ಗಂಡಂದಿರ ಚರಿತ್ರೆಯಲ್ಲಿ ಇದಕ್ಕಿಂತ ಕೆಟ್ಟ ಸಮಜಾಯಿಷಿ ದಾಖಲಾದಂತಿಲ್ಲ.)

"ಬ್ಯಾರೆ ಶಾಂಭವಿನೂ ಅದಾಳೇನಲೇ?" ಹೀರಾಬಾಯಿ ಮೊರ ಎತ್ತಿದಳು.

"ಮಿಶಿನ್ ಅದಬೇ ಅವ್ವಾ! ಮಿಶಿನ್!" ಎಂದು ಅವನು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳಲ್ಲಿ ಶಾಂಭವಿಯ ಹೆಸರು, ಪ್ರತಿ ಸಲವೂ ಅದರ ಕೆಳಗೆ ಒಂದು ನಿರಾಕರಣೆ. ಅವಳು ಬಗ್ಗಿ ಓದಿದಳು.

"ಇದಕ್ಕ ನನ್ನ ಹೆಸರು ಯಾರಿಟ್ರು?"

"ನಾನೇ."

"ಯಾಕ?"

ಕಲ್ಲಿನಾಥನ ಕಿವಿ ಕೆಂಪಾದವು. "ದಿನಾ ಹತ್ತಿಪ್ಪತ್ತು ಸಲ ಬರೀಬೇಕಾಗ್ತದ. ನಿನ್ನ ಹೆಸರಾದ್ರ… ಬರಿಯಾಕ ಖುಷಿ ಆಗ್ತದ."

ಶಾಂಭವಿ ಮೊಣಕೈಯಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು: "ಮತ್ತ ನಾ ಯಾಕ ಉತ್ತರ ಕೊಡವಲ್ಲೆ?"

ಇಷ್ಟನ್ನೂ ಕೇಳಿಸಿಕೊಂಡಿದ್ದ ಪರಮೇಶ ಲ್ಯಾಪ್‌ಟಾಪಿನೊಳಗಿಂದ ಕೆಮ್ಮಿದ. "ವೈನಿ, ನಿಮ್ಮದೇನೂ ತಪ್ಪಿಲ್ರಿ. ಸರ್, ನೀವು ಯಾವ ವಿಳಾಸಕ್ಕ ಹೊಂಟೀರಿ, ಒಮ್ಮೆ ನೋಡ್ರಿ."

ನೋಡಿದರೆ, ಹಿಂದಿನ ರಾತ್ರಿಯೇ ಕ್ಲಸ್ಟರಿನ ವಿಳಾಸ ಬದಲಾಗಿತ್ತು. ಹೊಸ ವಿಳಾಸದ ಫೈಲು ಶನಿವಾರವೇ ಎಲ್ಲರಿಗೂ ಬಂದಿತ್ತು. ಇವನು ಅದನ್ನು ತೆರೆಯದೆ ಇಟ್ಟು, ಹಳೆಯದನ್ನೇ ಹಿಡಿದುಕೊಂಡು ಕೂತಿದ್ದ.

"ಅಕಿ ನಿನ್ನೆ ರಾತ್ರಿನೇ ಮನಿ ಬದಲ ಮಾಡ್ಯಾಳ. ನೀ ಖಾಲಿ ಮನಿ ಬಾಗಿಲಾ ಬಡದು, ಅಕಿನ್ನ ಬೈಯಾಕತ್ತಿದಿ" ಎಂದು ಹೀರಾಬಾಯಿ ತೀರ್ಪು ಕೊಟ್ಟಳು. (ಕಂಪನಿಯ ಹಿರಿಯರು ಇದನ್ನೇ ಹೇಳಲು ಎರಡು ಪುಟದ ಪತ್ರ ಬರೆದಿದ್ದರು.) ಹೊಸ ಫೈಲು ಹಾಕಿ ಆಜ್ಞೆ ಬರೆದದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಶಾಂಭವಿ ಕೈಯ ಹಿಟ್ಟು ತೊಳೆಯಲು ಒಳಗೆ ಹೋದಳು.

ಹೀರಾಬಾಯಿ ಮಗನನ್ನು ಕಟ್ಟೆಗೆ ಕರೆದೊಯ್ದಳು. "ನಿಮ್ಮಪ್ಪ ಸಾಯೂತನಾ ನನ್ನ 'ಇಕಿನ' ಅಂತೇ ಕರದ್ರು. ನನ್ನ ಹೆಸರು ಬರೇ ಓಟಿನ ಚೀಟ್ಯಾಗ ಉಳೀತು" ಎಂದಳು. "ನೀನರೆ ಬಾಯಿಬಿಟ್ಟು ಕರಿ. ನನ್ನ ಮುಂದೇ ಕರಿ, ಓಣಿಗೆಲ್ಲಾ ಕೇಳಸ್ಲಿ."

"ಶಾಂಭವಿ" ಎಂದ. ಸೊಳ್ಳೆಯ ದನಿ ಇದಕ್ಕಿಂತ ದೊಡ್ಡದು. ಒಳಗಿನಿಂದ ಉತ್ತರವಿಲ್ಲ. ಸ್ವಲ್ಪ ಏರಿಸಿದ, ಇಲ್ಲ. ಇನ್ನೂ ಸಿಟ್ಟಿಳಿದಿಲ್ಲವೇನೋ ಎಂದು ಹೆದರಿ, ಕಣ್ಣು ಮುಚ್ಚಿ, "ಶಾಂಭವೀ!" ಎಂದು ಒದರಿದ. ಎದುರು ಮನೆಯ ಭಾಗಮ್ಮ ಹೊರಗೋಡಿ ಬಂದು ನೋಡಿದಳು.

ಆಗ ಪಡಸಾಲೆಯಿಂದ ಪರಮೇಶನ ದನಿ ಕೇಳಿತು. "ಸರ್, ವೈನಿ ಇಲ್ಲೇ ಲ್ಯಾಪ್‌ಟಾಪ್ ಮುಂದೇ ಕುಂತಾರ್ರಿ. ಮೊದಲ್ನೇ ಸಲಕ್ಕೇ ಕೇಳಸ್ಯದ ಅವರಿಗಿ. 'ಇನ್ನೂ ಕರೀಲಿ, ನೀ ಸುಮ್ಮನ ಕೂಡು' ಅಂದಾರ್ರಿ ನನಗ."