ಮಹಿಳಾ ವಾರ್ಡಿನ ತೂಕಪರ್ವ

‘ನನ್ನ ದನಿ ಎರಡು ಮಂಚದ ಆಚೆಗೆ ಕೇಳಿಸುವುದಿಲ್ಲ. ರೌಂಡ್ಸಿನ ಹೊತ್ತಿಗಂತೂ ಗಂಟಲಲ್ಲೇ ಕೂತುಬಿಡುತ್ತದೆ. ಇದರಿಂದ ಒಂದು ದಿನ ಯಾರಿಗಾದರೂ ಏನಾದರೂ ಆಗಿಹೋದರೆ?’

ಹೀಗೆಂದು ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತಖಂಡದ ಕರ್ನಾಟ ದೇಶದೊಳಗಿನ ಒಂದಾನೊಂದು ಜಿಲ್ಲಾ ಪಟ್ಟಣದ ಆಸ್ಪತ್ರೆಯಲ್ಲಿ, ಫಿನಾಯಿಲಿನ ದಿವ್ಯಗಂಧವು ದಶದಿಕ್ಕುಗಳಿಗೂ ಪಸರಿಸಿದ ಪ್ರಾತಃಕಾಲದಲ್ಲಿ, ಕೈ ತೊಳೆಯುವ ಸಿಂಕಿನ ಮೇಲಿನ ಒಡಕು ಕನ್ನಡಿಯ ಮುಂದೆ ತನಗೆ ತಾನೇ ನುಡಿದುಕೊಂಡವಳು ಯಾರು? ಹೇಳುವೆನು, ಸಜ್ಜನರು ಕಿವಿಗೊಡಬೇಕು. ಆಕೆಯೇ ಶ್ವೇತವಸ್ತ್ರಧಾರಿಣಿ, ಥರ್ಮಾಮೀಟರಾಯುಧಹಸ್ತೆ, ಬಿ.ಎಸ್ಸಿ. ನರ್ಸಿಂಗ್ ಪದವೀವಿಭೂಷಿತೆ, ಮಾತಿಗೆ ಬದಲು ತಲೆಯಾಡಿಸುವವರಲ್ಲಿ ಅಗ್ರಗಣ್ಯೆಯಾದ ದಾನೇಶ್ವರಿ.

ಕಥೆಗೆ ಮುನ್ನ ದೇಹವೆಂಬ ಸಾಮ್ರಾಜ್ಯವನ್ನು ಕಾಯುವ ದೇವತೆಗಳಿಗೆ ನಮಸ್ಕಾರ. ನರನರದಲ್ಲಿ ಹರಿಯುವ ಜಲದೇವತೆಯೇ, ಹೆಚ್ಚಾದರೆ ಊದಿಸುವೆ, ಕಡಿಮೆಯಾದರೆ ಒಣಗಿಸುವೆ. ಎದೆಬಡಿತದ ತಾಳ ಹಿಡಿದು ಕೂತ ಪೊಟ್ಯಾಸಿಯಂ ಎಂಬ ಲವಣರಾಜನೇ, ನೀನು ತುಸು ಪಕ್ಕಕ್ಕೆ ಸರಿದರೂ ಮೇಳವೆಲ್ಲ ಅಪಸ್ವರ. ಆಮ್ಲ ಕ್ಷಾರಗಳೆಂಬ ಅವಳಿ ದ್ವಾರಪಾಲಕರೇ, ನಿಮ್ಮಲ್ಲೊಬ್ಬನು ತೂಕಡಿಸಿದರೆ ಕೋಟೆಗೇ ಅಪಾಯ. ನಾಲ್ವರೂ ಸಮವಾಗಿ ನಿಂತು ಈ ಕಥೆಯನ್ನು ನಡೆಸಿಕೊಡಿರಿ.

ಕಿಟಕಿಯ ಪಕ್ಕದ ಕಬ್ಬಿಣದ ಮಂಚವೆಂಬ ಸಿಂಹಾಸನದಲ್ಲಿ, ದಂತಪಂಕ್ತಿರಹಿತೆಯೂ ವಾಗ್ಬಾಣಸಹಿತೆಯೂ ಆದ ಕಲ್ಲವ್ವನು ವಿರಾಜಮಾನಳಾಗಿದ್ದಳು. ಹೃದಯ ದುರ್ಬಲವಾಗಿ ಕಾಲಿಗೆ ನೀರು ಇಳಿದು, ಪಾದಗಳೆರಡೂ ಉಬ್ಬಿದ ಪೂರಿಯಂತಾಗಿ ಆಕೆ ದಾಖಲಾದದ್ದು. ಆ ನೀರನ್ನು ಮೂತ್ರಮಾರ್ಗದಲ್ಲಿ ಗಡೀಪಾರು ಮಾಡಲು ಡಾಕ್ಟರ್ ಹಂಚಿನಾಳರು ಜಲಸಂಹಾರಿಯೆಂಬ ಇಂಜೆಕ್ಷನ್ನನ್ನು ಪ್ರಯೋಗಿಸುತ್ತಿದ್ದರು. ಮೈಯಲ್ಲಿ ನೀರು ನಿಂತರೆ ತೂಕ ಏರುತ್ತದೆ, ಹೋದರೆ ಇಳಿಯುತ್ತದೆ. ಆದ್ದರಿಂದ ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ತಕ್ಕಡಿಯ ಮೇಲೆ ಕಲ್ಲವ್ವನನ್ನು ತೂಗಬೇಕು. ತೂಕ ನೋಡಿ ಇಂಜೆಕ್ಷನ್ನಿನ ಪ್ರಮಾಣ. ಇದು ದಾನೇಶ್ವರಿಯ ಕರ್ತವ್ಯ.

“ಆಯಿ, ತೂಕ ನೋಡೂಣು ಬರ್ರಿ.”

“ನಾ ಏನ್ ಹತ್ತಿ ಚೀಲ ಏನ ತಂಗಿ, ದಿನಾ ತೂಗಾಕ?”

“ಡಾಕ್ಟರ್ ಕೇಳ್ತಾರ್ರಿ...”

“ಕಲ್ಲವ್ವ ಇನ್ನೂ ಮಾರಾಕಿಲ್ಲ ಅಂತ ಹೇಳ ಅವಂಗ.”

ಪಕ್ಕದ ಮಂಚಗಳು ಕಿಸಕ್ಕೆಂದವು. ಅಬಲೆಯಾದ ದಾನೇಶ್ವರಿಯು ಉತ್ತರವೆಂಬ ಅಸ್ತ್ರಕ್ಕಾಗಿ ಬತ್ತಳಿಕೆಗೆ ಕೈಹಾಕಲು, ಅಲ್ಲಿ ‘ಹೂಂ’ ಎಂಬುದೊಂದು ಮೊಂಡು ಬಾಣದ ಹೊರತು ಮತ್ತೇನೂ ಇರಲಿಲ್ಲ. ಆಕೆ ಕೈ ನೀಡಿದಳು. ನೀಡಿದ ಆ ಕೈಯನ್ನು ನೋಡಲಾರದೆ ಕಲ್ಲವ್ವನೇ ಎದ್ದಳು.

“ಹೆಗಲ ಮ್ಯಾಲೆ ಜೋಳದ ಚೀಲ ಹೊತ್ತಾಕಿ ನಾ! ಎಮ್ಮಿ ಕೊಂಬ ಹಿಡದ ನಿಲ್ಲಿಸಿದಾಕಿ! ಈ ತಗಡಿನ ಹಲಗಿಗೆ ಅಂಜತೇನೇನ? ಸರಿ ಅತ್ತಾಗ!”

ಹೀಗೆ ಗರ್ಜಿಸಿ, ಸೊಂಟವನ್ನು ಎರಡೂ ಕೈಗಳಿಂದ ಅದುಮಿ ಹಿಡಿದು, ರಥವನ್ನೇರುವ ಮಹಾರಥಿಯಂತೆ ತಕ್ಕಡಿಯನ್ನೇರಲು, ಮುಳ್ಳು ಥರಥರನೆ ಕಂಪಿಸಿ ನಿಂತಿತು. ನಿನ್ನೆಗಿಂತ ಒಂದೂವರೆ ಕಿಲೋ ಹೆಚ್ಚು! ದಾನೇಶ್ವರಿಯು ಬೆರಗಾದಳು. ರಾತ್ರಿಯೆಲ್ಲ ಈ ಮುದುಕಿ ಬಚ್ಚಲಿನ ಹಾದಿ ಸವೆಸಿದ್ದಾಳೆ; ಹೊರಗೆ ಹೋದ ನೀರು ಯಾವ ಬಾಗಿಲಿನಿಂದ ಒಳಗೆ ಬಂತು? ಆದರೂ ಕಂಡದ್ದನ್ನು ಬರೆದುಕೊಂಡಳು. ಕಲ್ಲವ್ವ ಇಳಿಯುವಾಗ ತೂರಾಡಿದಂತಾಗಲು, ದಾನೇಶ್ವರಿಯು ಹಿಡಿದುಕೊಳ್ಳಲೆಂದು ಸೊಂಟಕ್ಕೆ ಕೈಹಾಕಿದಳೋ ಇಲ್ಲವೋ...

ಠಣ್!

ತಕ್ಕಡಿಯ ಕಂಬಕ್ಕೆ ಬಡಿದದ್ದು ಎಲುಬಲ್ಲ, ಲೋಹ. ಸೀರೆಯ ನಿರಿಗೆಯೊಳಗೆ ಎಲೆಯಡಿಕೆಯ ಚಂಚಿ. ಚಂಚಿಯೊಳಗೆ ಹಲ್ಲಿಲ್ಲದವರು ಅಡಿಕೆ ಕುಟ್ಟಿಕೊಳ್ಳುವ, ತಾತಮುತ್ತಾತರ ಕಾಲದ, ಹಾರೆ ಸಮೇತವಾದ ಹಿತ್ತಾಳೆಯ ಕುಟ್ಟಾಣಿ.

“ಆಯಿ! ಇದನ್ನ ಇಟ್ಟು ಇನ್ನೊಮ್ಮೆ ಹತ್ರಿ.”

“ಹಗೂರ ಮಾತಾಡವಾ!” ಕಲ್ಲವ್ವನ ದನಿ ಮೊದಲ ಸಲ ತಗ್ಗಿತು. “ನಿನ್ನೆ ಸಂಜಿಮುಂದ ಮಗಳು ತಂದಕೊಟ್ಟಾಳ. ನೀ ತೂಗಾಕ ಕರಿಯೂದಕ್ಕೂ ಆ ಆಯಾ ಹುಸೇನಬಿ ಹಾಸಿಗಿ ಬದಲಿ ಮಾಡಾಕ ಬರೂದಕ್ಕೂ ಒಂದ ಹೊತ್ತ. ತಲದಿಂಬ ಎತ್ತಿದಳಂದ್ರ ಮುಗೀತು, ಇಲ್ಲೆ ಎಲಿಅಡಿಕಿ ನಡಿಯೂದಿಲ್ಲಂತ ಕಸಗೊಂಡ ಹೊಕ್ಕಾಳ. ನಮ್ಮತ್ತಿದು ಇದು. ಹೋದ್ರ ಮತ್ತ ಸಿಗೂದಿಲ್ಲ. ಯಾರ ಮುಂದೂ ಅನ್ನೂದಿಲ್ಲಂತ ಆಣಿ ಮಾಡ.”

ಬೇಡ ಎನ್ನಲು ಬಾರದವಳು ಏನು ಮಾಡಿಯಾಳು? ತಲೆಯಾಡಿಸಿದಳು. ಭೂಮಂಡಲದ ಘೋರ ಪ್ರತಿಜ್ಞೆಗಳಲ್ಲಿ ಎಷ್ಟು ಹೀಗೆ ಸಂಕೋಚದಿಂದಲೇ ಹುಟ್ಟಿದವೋ, ಬಲ್ಲವರು ಯಾರು.

ಮಂಚದ ಮೇಲೆ ಮಲಗಿಸಿದ ಕೂಡಲೇ, “ಅಯ್ಯಯ್ಯೋ, ಕಾಲ ಸೆಳದ್ವು!” ಎಂದು ಕಲ್ಲವ್ವ ಚೀರಿದಳು. ಮೀನಖಂಡ ಕಲ್ಲಿನಂತೆ ಗಂಟಾಗಿತ್ತು. ದಾನೇಶ್ವರಿ ತಿಕ್ಕಿದಳು, ತಿಕ್ಕುತ್ತಲೇ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳೊತ್ತಿ ನೋಡಿದಳು. ಮೊನ್ನೆ ಒತ್ತಿದರೆ ಕುಳಿ ಬೀಳುತ್ತಿತ್ತು, ಇಂದು ಬೀಳಲಿಲ್ಲ. ಕೊರಳೆಲುಬಿನ ಕೆಳಗೆ ಚರ್ಮವನ್ನು ಚಿವುಟಿ ಬಿಟ್ಟಳು. ಅದು ಇಳಿಯಲು ಮರೆತ ಡೇರೆಯಂತೆ ನಿಂತೇ ಇತ್ತು. ನಾಲಿಗೆ ಬಿಸಿಲಿಗೆ ಹಾಕಿದ ಹಪ್ಪಳ. ಎಲವೋ, ಶತ್ರುವಾದ ಜಲವು ಎಂದೋ ಊರು ಬಿಟ್ಟಿದೆ! ಶತ್ರುವನ್ನಟ್ಟಲು ಬಂದ ಸೈನ್ಯವು ಈಗ ಊರನ್ನೇ ಸುಲಿಯುತ್ತಿದೆ. ನೀರಿನ ಬೆನ್ನಿಗೆ ಲವಣರಾಜನೂ ಗಂಟುಮೂಟೆ ಕಟ್ಟಿರಬೇಕು. ಕಾಲು ಸೆಳೆಯುವುದು ಅದಕ್ಕೇ. ಇನ್ನೊಂದು ಇಂಜೆಕ್ಷನ್ ಬಿದ್ದರೆ ಸೆಳೆತ ಕಾಲಿನಲ್ಲಿ ನಿಲ್ಲದು, ಎದೆಯ ತಾಳವೇ ತಪ್ಪೀತು. ಬೆಳಿಗ್ಗೆ ಕಳಿಸಿದ ರಕ್ತದ ವರದಿ ಇನ್ನೂ ಬಂದಿಲ್ಲ. ಇದನ್ನೆಲ್ಲ ಅರಿತವಳು ವಾರ್ಡಿನಲ್ಲಿ ಒಬ್ಬಳೇ, ಅವಳಿಗೋ ದನಿಯಿಲ್ಲ.

ಅಷ್ಟರಲ್ಲಿ ಮೊಳಗಿತು ಬೂಟುಗಳ ದುಂದುಭಿ. ಸ್ಟೆತಾಸ್ಕೋಪಮಾಲಾಲಂಕೃತರೂ ಉಪವಾಸವ್ರತಿಗಳೂ (ನಾಷ್ಟಾ ಇನ್ನೂ ಆಗಿರಲಿಲ್ಲ) ಆದ ಡಾಕ್ಟರ್ ಹಂಚಿನಾಳರು ಪರಿವಾರಸಹಿತ ಆಗಮಿಸಿದರು. ಕಲ್ಲವ್ವ ಕಂಬಳಿಯನ್ನು ಗದ್ದದ ತನಕ ಎಳೆದುಕೊಂಡಳು.

“ಕಾಲ ತೋರಸ್ರಿ ಅಜ್ಜಿ.”

“ಥಂಡಿ ಐತ್ರಿ ಸಾಹೇಬ್ರ. ಆಮ್ಯಾಲೆ ನೋಡೀರಂತ.”

ಡಾಕ್ಟರರು ನಕ್ಕು, ಬರೆದಿಟ್ಟ ತೂಕವನ್ನು ನೋಡಿ ನಗು ನಿಲ್ಲಿಸಿದರು. “ಒಂದೂವರೆ ಕಿಲೋ ಏರೇತಿ! ಏನ್ರಿ, ಕದ್ದು ನೀರು ಕುಡದೀರೇನು?”

“ನಿಮ್ಮಾಣಿ ಇಲ್ರಿ. ಬಾಯಿ ಒಣಗಿ ಸಾಯಾಕತ್ತೇನಿ.”

“ಎಲ್ಲಾರೂ ಹಿಂಗ ಅಂತಾರ. ಸಿಸ್ಟರ್, ನೀರು ಮತ್ತ ನಿಂತದ. ಇಂಜೆಕ್ಷನ್ ಡಬಲ್ ಮಾಡ್ರಿ, ಈಗ ಕೊಟ್ಟಬಿಡ್ರಿ.”

ಆಗ ದಾನೇಶ್ವರಿಯ ಹೃದಯಗಹ್ವರದಲ್ಲಿ ಸಿಂಹಿಣಿಯೊಬ್ಬಳು ಎದ್ದು ನಿಂತಳು. ‘ನಿಲ್ಲು, ವೈದ್ಯಕುಲತಿಲಕನೇ! ತೂಗಿದ್ದನ್ನು ನಂಬಿ ಬಾಡಿದ್ದನ್ನು ಕಾಣದವನೇ! ಈ ನಾಲಿಗೆಯನ್ನು ನೋಡು, ಈ ಚರ್ಮವನ್ನು ನೋಡು, ಜಲವೆಲ್ಲಿ ತೋರಿಸು! ನಾನಿರುವ ತನಕ ಈ ತೋಳಿಗೆ ಸೂಜಿ ತಾಗದು!’ ಎಂಬ ಭೀಷಣ ಭಾಷಣವು ಒಳಗೆ ಗುಡುಗಿ, ಗಂಟಲಿಗೆ ಬಂದು, ತುಟಿಯ ಹೊಸ್ತಿಲು ದಾಟುವಾಗ ಹೀಗಾಯಿತು:

“ಸರ್...”

ಫ್ಯಾನು ಅದನ್ನೂ ನುಂಗಿತು. ಆದರೂ ಡಾಕ್ಟರರು ತಿರುಗಿದರು. “ಏನ್ರಿ?”

“ಏನಿಲ್ಲ ಸರ್.”

ಪರಿವಾರವು ಮುಂದಿನ ಮಂಚದತ್ತ ಹೆಜ್ಜೆಯಿಟ್ಟಿತು. ದಾನೇಶ್ವರಿಯು ಸಿರಿಂಜಿಗೆ ಔಷಧ ಎಳೆದುಕೊಂಡಳು. ಸೂಜಿಯ ತುದಿಯಿಂದ ಹನಿಯೊಂದು ತಟ್ಟೆಗೆ ಬಿತ್ತು. ಕಂಬಳಿಯ ಆಚೆಯಿಂದ ಕಲ್ಲವ್ವನ ಕಣ್ಣು ಅವಳನ್ನೇ ನೋಡುತ್ತಿತ್ತು. ಆಣಿ ನೆನಪದಲಾ, ಎನ್ನುವ ಕಣ್ಣು.

ಅದೇ ಗಳಿಗೆಯಲ್ಲಿ ಕಾಲು ಮತ್ತೆ ಸೆಳೆಯಿತು. ಎಮ್ಮೆಯ ಕೊಂಬು ಹಿಡಿದು ನಿಲ್ಲಿಸಿದವಳು ಈ ಸಲ ಚೀರಲಿಲ್ಲ. ಚೀರಿದರೆ ಯಾರಾದರೂ ಕಂಬಳಿ ಸರಿಸಿಯಾರು. ಕಂಬಳಿಯ ಅಂಚನ್ನು ವಸಡಿನಲ್ಲಿ ಕಚ್ಚಿಕೊಂಡು, ಸೆಳೆವ ಕಾಲನ್ನು ಅದರ ಪಾಡಿಗೆ ಬಿಟ್ಟು, ಎರಡೂ ಕೈಗಳಲ್ಲಿ ಸೊಂಟದ ಗಂಟನ್ನು ಅವುಚಿ ಹಿಡಿದಳು. ಅಳಲೂ ನೀರಿಲ್ಲದೆ ಕಣ್ಣು ಒಣಗಿಯೇ ಇತ್ತು.

ದಾನೇಶ್ವರಿಯು ಸಿರಿಂಜನ್ನು ತಟ್ಟೆಯಲ್ಲಿಟ್ಟಳು.

ಆಗ ಹೇಗಿತ್ತೆಂದರೆ, ಸಪ್ತಸಾಗರಗಳೂ ತಮ್ಮ ತೆರೆಗಳನ್ನು ತಡೆಹಿಡಿದು ನಿಂತವು. ದಿಗ್ಗಜಗಳು ಕಿವಿ ಬಡಿಯುವುದನ್ನು ನಿಲ್ಲಿಸಿದವು. ಸಲಾಯಿನ್ ಬಾಟಲಿಗಳಲ್ಲಿ ಹನಿಗಳು ಬೀಳಲೋ ಬೇಡವೋ ಎಂದು ಯೋಚಿಸಿದವು. ಹಾಸಿಗೆ ಹೊದಿಕೆಗಳ ಪರ್ವತವನ್ನು ಹೊತ್ತ ಹುಸೇನಬಿಯು ಬಾಗಿಲಲ್ಲಿ ಸ್ತಂಭೀಭೂತಳಾದಳು. ಮತ್ತು ಇಪ್ಪತ್ತಮೂರು ವರ್ಷಗಳಿಂದ ಒಂದು ಕಿರಿದಾದ ಗಂಟಲಿನ ಸೆರೆಯಲ್ಲಿ ಕುಳಿತಿದ್ದ, ಸೂರ್ಯನನ್ನೇ ಕಾಣದ ಒಂದು ದನಿಯು, ಆಣೆಯನ್ನೂ ಅಳುಕನ್ನೂ ಫ್ಯಾನಿನ ಘೋಷವನ್ನೂ ಏಕಕಾಲಕ್ಕೆ ಭೇದಿಸಿ, ವಾರ್ಡಿನ ಕಟ್ಟಕಡೆಯ ಮಂಚದವರೂ ಎದ್ದು ಕೂತು ನೋಡುವಂತೆ ಹೊರಬಿದ್ದಿತು:

“ಸರ್, ಅದು ನೀರಲ್ಲ. ಕುಟ್ಟಾಣಿ!”